‘ಮಾಫಿ’ ಅಂದರೆ ಕ್ಷಮೆಯಲ್ಲ

ನಾನು ಒಳಗೆ ಬಂದಾಗ ಅಲ್ ಖೋರ್‌ನ ಔಷಧಿ ಅಂಗಡಿಯಲ್ಲಿ ಅತ್ತೆ ಇನ್ನೂ ಕೌಂಟರ್ ಮುಂದೆಯೇ ನಿಂತಿದ್ದರು. ಮೈಸೂರಿನಿಂದ ತಂದಿದ್ದ ಬಿ.ಪಿ. ಮಾತ್ರೆ ಮುಗಿದಿತ್ತು.

“ಮಾತ್ರೆ ಸಿಕ್ತಾ ಅತ್ತೆ?” ಎಂದೆ.

“ಮಾಫಿ ಅಂದ್ರು ಕಣಮ್ಮ. ಪಾಪ, ತಡ ಆಗಿದ್ದಕ್ಕೆ ಕ್ಷಮೆ ಕೇಳ್ತಿದ್ದಾರೆ, ತಂದ್ಕೊಡ್ತಾರೆ ಅಂತ ಕಾಯ್ತಿದೀನಿ.”

ಇಲ್ಲಿನ ಆಡುಮಾತಿನ ಅರಬ್ಬಿಯಲ್ಲಿ ‘ಮಾಫಿ’ ಅಂದರೆ ‘ಇಲ್ಲ’. ಅದರ ಅರ್ಥ ‘ಕ್ಷಮೆ’ ಎಂದು ಅತ್ತೆ ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ವಿಶ್ವಕೋಶದಲ್ಲಿ ಓದಿಕೊಂಡು ಬಂದಿದ್ದರು. ಮನೆಗೆ ಬಂದು ಆ ಪುಟದ ಹಳೆಯ ತಿದ್ದುಪಡಿಗಳನ್ನು ನೋಡಿದೆ. ಮೊದಲು ‘ಇಲ್ಲ’ ಎಂದೇ ಇತ್ತು. ಯಾರೋ ಅದನ್ನು ಅಳಿಸಿ ‘ಕ್ಷಮೆ’ ಎಂದು ಬರೆದು, ‘ಸಾಲ ಮಾಫಿ ಎನ್ನುವುದಿಲ್ಲವೇ?’ ಎಂದು ಕಾರಣವನ್ನೂ ಕೊಟ್ಟಿದ್ದರು.

ನಾನು ಮತ್ತೆ ‘ಇಲ್ಲ’ ಎಂದು ತಿದ್ದಿದೆ. ತಿದ್ದುವಾಗ ನನಗಿದ್ದಷ್ಟೇ ಖಾತ್ರಿ ‘ಕ್ಷಮೆ’ ಎಂದು ಬರೆದವರಿಗೂ ಇದ್ದಿರಬೇಕಲ್ಲ ಎಂಬ ಯೋಚನೆ ಮಾತ್ರ ಇನ್ನೂ ಬಿಟ್ಟಿಲ್ಲ.