ಗಾಲಿಗೆ ಕೊಟ್ಟ ಕಲ್ಲು

ಬೀಳಗಿಯ ಆ ಮೆಕ್ಯಾನಿಕ್‌ನ ಗ್ಯಾರೇಜಿನಲ್ಲಿ ಬೆಂಚು ಇರಲಿಲ್ಲ. ಗಿರಾಕಿಗಳು ಗೋಡೆಗುಂಟ ಇಟ್ಟ ಕಲ್ಲುಗಳ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಯಾವ ಗಾಡಿ ರಿಪೇರಿ ಮಾಡಿದರೂ ಆತನದು ಒಂದೇ ಮಾತು: "ಕೀಲಿ ಒಂದ ಸಲಾ ತಿರುವ್ರಿ, ಸಾಕು."

ನನ್ನ ಹಳೆಯ ಜೀಪಿನ ಸ್ಟಾರ್ಟರ್ ಸವೆದು ವರ್ಷವಾಗಿತ್ತು. ಬಾಡಗಂಡಿಯ ನಮ್ಮ ಮನೆಯ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ, ಗಾಲಿಗೆ ಚಪ್ಪಟೆ ಕಲ್ಲು ಕೊಟ್ಟು, ಬೆಳಿಗ್ಗೆ ಉರುಳಿಸಿಯೇ ಚಾಲು ಮಾಡುತ್ತಿದ್ದೆ. ಆತ ಸ್ಟಾರ್ಟರ್ ಬಿಚ್ಚಿ, ಬುಶ್ಶು, ಕಾರ್ಬನ್ ಹೊಸದಾಗಿ ಕೂರಿಸಿ ಕೊಟ್ಟ.

ವಾರದ ಮೇಲೆ ಆತ ನಮ್ಮೂರಿಗೆ ಬಂದಾಗ ಜೀಪು ಅದೇ ಇಳಿಜಾರಿನಲ್ಲಿತ್ತು, ಗಾಲಿಗೆ ಅದೇ ಕಲ್ಲು.

"ಯಾಕ್ರಿ, ನನ್ನ ಕೆಲಸದ ಮ್ಯಾಲ ನಂಬಿಗಿ ಇಲ್ಲೇನು?"

"ಹಂಗಲ್ರಿ, ರೂಢಿ ಬಿದ್ದೈತಿ," ಎಂದೆ.

ಆತ ಕಲ್ಲು ಸರಿಸಿ, ಇಂಜಿನ್ ಹಚ್ಚದೆಯೇ ಜೀಪನ್ನು ಉರುಳಿಸಿಕೊಂಡು ಹೋಗಿ ಕೆಳಗಿನ ಸಮತಟ್ಟು ನೆಲದಲ್ಲಿ ನಿಲ್ಲಿಸಿದ. ಕೀಲಿ ನನ್ನ ಕೈಗಿಟ್ಟ. "ಒಂದ ಸಲಾ."

ತಿರುವಿದೆ. ಇಂಜಿನ್ ಗುಡುಗಿತು. ಆತ ಅತ್ತ ನೋಡಲೂ ಇಲ್ಲ. ಮೇಲೆ ಹತ್ತಿ ಹೋಗಿ ಆ ಕಲ್ಲನ್ನೆತ್ತಿ, ತನ್ನ ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿಟ್ಟುಕೊಂಡು ಹೊರಟೇಬಿಟ್ಟ.

ಮುಂದಿನ ತಿಂಗಳು ಗ್ಯಾರೇಜಿಗೆ ಹೋದೆ. ಗೋಡೆಗುಂಟ ಕೂತವರೆಲ್ಲ ನಗುತ್ತ ಸರಿದು ದಾರಿ ಬಿಟ್ಟರು. ಆತ ಕೊನೆಯ ಚಪ್ಪಟೆ ಕಲ್ಲನ್ನು ಅಂಗೈಯಿಂದ ಒರೆಸಿದ.

"ಬರ್ರಿ, ಕೂಡ್ರಿ. ಇದು ನಿಮ್ಮದು."