ಅಪ್ಪನ ಬುಟ್ಟಿ ಮತ್ತು ಹೊನ್ನಾವರದ ಸಮುದ್ರ

ಇವತ್ತು ಸೊರಬದ ಸಂತೆಯಲ್ಲಿ ಬಂಗುಡೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಅರವತ್ತೈದು ವರ್ಷ ಹಿಂದಕ್ಕೆ ಜಾರಿ ಹೊನ್ನಾವರದ ಸೋದರತ್ತೆಯ ಮನೆ ಮುಂದಿನ ಮರಳಲ್ಲಿ ಬಿದ್ದೆ.

ಮಳೆಗಾಲ ಹತ್ತಿರ ಬಂದಿತ್ತು. ಪಡುವಣ ಗಾಳಿಗೆ ಹೆದರಿ ದೋಣಿಗಳೆಲ್ಲ ದಡ ಏರಿದ್ದವು. ನಮ್ಮಪ್ಪನಿಗೆ ಯಾವ ಹೆದರಿಕೆ? ನಮ್ಮ ಕಡೆಯ ಹೊಸಬಾಳೆ ಕೆರೆಯಲ್ಲಿ ಗಾಳ ಹಾಕಿ ಪಳಗಿದವರು. "ಇವತ್ತಿನ ಸಾರಿಗೆ ಮೀನು ನಂದು" ಎಂದು ಸಾರಿ, ಅತ್ತೆಯಿಂದ ಮಸಾಲೆ ಅರೆಸಿಟ್ಟೇ ಹೊರಟರು.

ಬಂಡೆಯ ಮೇಲೆ ಕೂತು ಏಳು ಮೀನು ಹಿಡಿದದ್ದೂ ನಿಜ. ಜೀವಂತವಾಗಿರಲೆಂದು ಅವನ್ನೆಲ್ಲ ಕೆರೆಯಲ್ಲಿ ಮಾಡುವಂತೆಯೇ ನೀರಂಚಿನಲ್ಲಿ ಅರ್ಧ ಮುಳುಗಿಸಿಟ್ಟ ಬುಟ್ಟಿಗೆ ಹಾಕಿದರು.

"ಭಾವ, ಬುಟ್ಟಿ ಮೇಲಿಡಿ. ನೀರು ಏರ್ತದೆ" ಎಂದರು ಅತ್ತೆಯ ಗಂಡ.

"ಮಳೇನೇ ಬಂದಿಲ್ಲ, ನೀರು ಎಲ್ಲಿಂದ ಏರ್ತದ್ರೀ?"

ಎಂಟನೆಯದನ್ನು ಹಿಡಿದು ತಿರುಗಿದರೆ ಬುಟ್ಟಿ ಇರಲಿಲ್ಲ. ಬುಟ್ಟಿ ಇಟ್ಟಿದ್ದ ಜಾಗವೂ ಇರಲಿಲ್ಲ. ಉಬ್ಬರ ಬಂದು ಎರಡನ್ನೂ ನುಂಗಿತ್ತು.

ಆ ಒಂದೇ ಮೀನನ್ನು ಒಂಬತ್ತು ಜನ ಹಂಚಿಕೊಂಡೆವು. ಮಸಾಲೆಗೆ ಮಾತ್ರ ಬರವಿರಲಿಲ್ಲ.

"ಅಣ್ಣ, ಸಾರು ಹ್ಯಾಂಗದೆ?" ಅತ್ತೆ ಕೆಣಕಿದರು.

"ಮೀನು ಚಲೋ ಅದೆ ಕಣೇ. ನಿಮ್ಮೂರ ನೀರಿಗೇ ಶಿಸ್ತಿಲ್ಲ" ಎಂದರು ಅಪ್ಪ, ತಟ್ಟೆಯಿಂದ ತಲೆ ಎತ್ತದೆ.

ಇವತ್ತು ಕೊಂಡ ಬಂಗುಡೆಯ ಚೀಲವನ್ನು ನೆಲಕ್ಕಿಟ್ಟೆ. ಘಟ್ಟದ ಮೇಲಿನ ಸಂತೆಗೆ ಎಲ್ಲಿಯ ಉಬ್ಬರ? ಆದರೂ ಸುಮ್ಮನೆ ಎತ್ತಿ ಕಟ್ಟೆಯ ಮೇಲಿಟ್ಟೆ.