ಬುಡ್ಡೇಸಾಬರ ಮೂವತ್ತೊಂದು ಹಾಡು

ಗದಗಿನ ಕಡೆ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆಯುವ ಹುಡುಗರು ತಮ್ಮ ಗುರುಗಳಿಗಿಂತ ಹೆಚ್ಚು ಹೆದರುತ್ತಿದ್ದುದು ಬೆಟಗೇರಿಯ ಟೈಪಿಸ್ಟ್ ಜೈಬುನ್ನೀಸಾಳಿಗೆ. ಬರೆದು ತಂದ ಹಾಳೆಯ ಮೇಲೆ ಬೆರಳಿಟ್ಟು ಕೇಳುತ್ತಿದ್ದಳು: "ಈ ಮಾತು ನಿಂದಲ್ಲ. ಯಾರದು? ಹೆಸರು, ಪುಸ್ತಕ, ಪುಟ ಕೆಳಗ ಬರಿ. ಆಮ್ಯಾಲೆ ಟೈಪು."

"ಅಕ್ಕಾರ, ನೀವೇನ್ ಪರೀಕ್ಷಕರೇನ್ರಿ?" ಎಂದು ನಕ್ಕವನ ಕಾಗದ ಹಾಗೇ ಹಿಂದಕ್ಕೆ ಹೋಗುತ್ತಿತ್ತು.

ಈ ಹಟ ಹುಟ್ಟಿದ್ದು ೧೯೭೯ರಲ್ಲಿ. ಅದಕ್ಕೂ ಮೂರು ವರ್ಷ ಮೊದಲು ಚನ್ನಬಸವಣ್ಣನೆಂಬ ಉಪನ್ಯಾಸಕ ಲಕ್ಷ್ಮೇಶ್ವರಕ್ಕೆ ಹೋಗಿದ್ದ. ಅಲ್ಲಿ ಅವಳ ತಂದೆ ಬುಡ್ಡೇಸಾಬರು, ನೀರಿಲ್ಲದೆ ಬಾಯಾರಿ ಮಡಿದವರನ್ನು ನೆನೆಯುವ ಮೊಹರಂ ಪದ ಕಟ್ಟುತ್ತಿದ್ದರು. ಕಟ್ಟಿದವನ ಊರು, ಹೆಸರು ಕೊನೆಯ ನುಡಿಯಲ್ಲಿ ಬರುವುದು ಆ ಪದಗಳ ರೂಢಿ. "ನಾಕು ದಿನದಾಗ ತಂದು ಕೊಡ್ತೀನ್ರಿ ಅಜ್ಜಾರ" ಎಂದು ಪದಗಳನ್ನು ಬರೆದಿಟ್ಟ ವಹಿ ಒಯ್ದವನು ಮತ್ತೆ ಮುಖ ತೋರಿಸಲಿಲ್ಲ. ಬುಡ್ಡೇಸಾಬರು ಬಾಗಿಲ ಕಡೆ ನೋಡುತ್ತಲೇ ತೀರಿಕೊಂಡರು.

೧೯೭೯ರಲ್ಲಿ ಅದೇ ಚನ್ನಬಸವಣ್ಣ ಪಿಎಚ್.ಡಿ. ಪ್ರಬಂಧ ಹೊತ್ತು ಅವಳ ಮುಂದೆ ನಿಂತಿದ್ದ. ಇವಳು ಯಾರ ಮಗಳೆಂದು ಅವನಿಗೆ ಗೊತ್ತಿರಲಿಲ್ಲ. ಪ್ರಬಂಧದಲ್ಲಿ ಅವಳ ತಂದೆಯ ಮೂವತ್ತೊಂದು ಹಾಡುಗಳಿದ್ದವು. ಒಂದಕ್ಕೂ ಕೊನೆಯ ನುಡಿ ಇರಲಿಲ್ಲ. ಪ್ರತಿಯೊಂದರ ಅಡಿಗೂ ಒಂದೇ ಸಾಲು: "ಕಟ್ಟಿದವರು ಅಜ್ಞಾತ."

ಅಂದು ನಮಾಜು ಮುಗಿಸಿ ಕೈಯೆತ್ತಿದ ಜೈಬುನ್ನೀಸಾ ಕ್ಷಮಿಸುವ ಬುದ್ಧಿಯನ್ನು ಬೇಡಲಿಲ್ಲ. ತಾಳ್ಮೆ ಬೇಡಿದಳು.

ಧಾರವಾಡಕ್ಕೆ ಪ್ರಬಂಧ ಒಪ್ಪಿಸುವ ಕಡೆಯ ದಿನ ಬೆಳಿಗ್ಗೆ ನಾಲ್ಕೂ ಪ್ರತಿಗಳನ್ನು ಅವನ ಮುಂದಿಟ್ಟಳು. ಪುಟ ತಿರುವುತ್ತಿದ್ದವನ ಬೆರಳು ಮೊದಲ ಹಾಡಿನ ಕೊನೆಯ ನುಡಿಯ ಮೇಲೆ ನಿಂತಿತು.

"ಇದೇನ್ರಿ? ಈ ನುಡಿ ನಾ ಬರದಿದ್ದಿಲ್ಲ!"

"ಖರೆ. ನೀವು ಕತ್ತರಿಸಿದ್ರಿ. ನನಗ ಬಾಯಿಪಾಠ ಇದ್ವು. ನಾ ಬುಡ್ಡೇಸಾಬರ ಮಗಳು."

"ತಗದು ಮತ್ತ ಹೊಡೀರಿ ತಂಗೀ, ಕಾಲಿಗೆ ಬೀಳ್ತೀನಿ."

"ನಾನೂರು ಪುಟ. ಹನ್ನೊಂದರ ಬಸ್ಸಿಗೆ ಆಗ್ತೈತೇನ್ರಿ ಸರ?" ಅವಳ ದನಿ ಮೆತ್ತಗೇ ಇತ್ತು. "ನಿಮ್ಮ ಸಾಲು ಬಿಟ್ಟಿಲ್ಲ ನೋಡ್ರಿ. ಮ್ಯಾಲೆ ಅಪ್ಪನ ಹೆಸರು, ಕೆಳಗ ಅಜ್ಞಾತ. ಹಿಂಗ ಒಯ್ದ್ರ ಪರೀಕ್ಷಕರು ಬಿದ್ದು ಬಿದ್ದು ನಗ್ತಾರ."

ಅವನು ಕುರ್ಚಿ ಎಳೆದು ಕುಳಿತ. ಅವಳು ಪೆನ್ನು ಮುಂದೆ ಸರಿಸಿದಳು.

ಸುಳ್ಳನ್ನು ಅವನು ತನ್ನ ಕೈಯಿಂದಲೇ ಹೊಡೆದುಹಾಕಿ "ಲಕ್ಷ್ಮೇಶ್ವರದ ಬುಡ್ಡೇಸಾಬರ ವಹಿಯಿಂದ" ಎಂದು ಬರೆಯಬೇಕಾಯಿತು. ಒಂದು ಪ್ರತಿಗೆ ಮೂವತ್ತೊಂದು ಸಲ. ಹನ್ನೊಂದರ ಬಸ್ಸು ಹೋಯಿತು; ಇನ್ನು ಹನ್ನೆರಡರದೇ ಗತಿ. ಮೂರನೆಯ ಪ್ರತಿ ಮುಗಿಸಿ ಬೆವರು ಒರೆಸಿಕೊಂಡು ಕುಡಿಯಲು ನೀರು ಕೇಳಿದ.

"ನಾಕನೇ ಪ್ರತಿ ಉಳದೈತಲ್ರಿ," ಎಂದಳು ಜೈಬುನ್ನೀಸಾ, ಎದ್ದೇಳದೆ. "ಮೊದಲು ಬರೀರಿ."